ಎಕ್ಸ್‌ಎಚ್‌ಆರ್ ಲೋಡ್ ಲಿಸನರ್ ಎರಡೆರಡು ಸಲ ಓಡ್ತಿದೆ, ಎರರ್ ಲಿಸನರ್ ಓಡೋದೇ ಇಲ್ಲ, ಎಲ್ಲಿ ತಪ್ಪಿದೀನಿ?

ಮಳೆಹನಿ:
ಎಲ್ರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಾಕೊಂಡಿದೀನಿ, ಯಾರಾದ್ರೂ ದಾರಿ ತೋರ್ಸಿ. ನಿಘಂಟು ಥರದ ಒಂದು ಚಿಕ್ಕ ವೆಬ್ ಆ್ಯಪ್ ಮಾಡ್ತಿದೀನಿ, ಪದ ಟೈಪ್ ಮಾಡಿ ಹುಡುಕು ಒತ್ತಿದ್ರೆ ಸರ್ವರ್‌ಗೆ ರಿಕ್ವೆಸ್ಟ್ ಹೋಗಿ ಅರ್ಥ ಬರ್ಬೇಕು, ಅಷ್ಟೇ ಕೆಲಸ. ರಿಕ್ವೆಸ್ಟ್ ಕಳಿಸೋಕೆ ಎಕ್ಸ್‌ಎಚ್‌ಆರ್ (ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್, ಪುಟ ಮತ್ತೆ ತೆರೀದೇ ಸರ್ವರ್ ಜೊತೆ ಮಾತಾಡೋ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್) ಬಳಸ್ತಿದೀನಿ. ಅದರ ಲೋಡ್ ಈವೆಂಟ್‌ಗೊಂದು ಲಿಸನರ್ (ಈವೆಂಟ್ ಆದಾಗ ಓಡೋ ಫಂಕ್ಷನ್), ಎರರ್‌ಗೊಂದು ಲಿಸನರ್ ಹಾಕಿದೀನಿ. ಹುಡುಕು ಒತ್ತಿದ ತಕ್ಷಣ ಹಳೇ ಪಟ್ಟಿ ಅಳಿಸ್ತೀನಿ, ಉತ್ತರ ಬಂದಾಗ ಹೆಡಿಂಗೂ ಅರ್ಥನೂ ಸೇರಿಸ್ತೀನಿ.

ಮೊದಲ ಪದ ಸರಿಯಾಗಿ ಬರುತ್ತೆ. ಎರಡನೇ ಪದ ಹುಡುಕಿದ್ರೆ ಅರ್ಥ ಎರಡು ಸಲ, ಮೂರನೇದಕ್ಕೆ ಮೂರು ಸಲ. ಅದಕ್ಕಿಂತ ವಿಚಿತ್ರ ಏನಂದ್ರೆ "ಮರ" ಹುಡುಕಿ ಆಮೇಲೆ "ಮಳೆ" ಹುಡುಕಿದ್ರೆ, "ಮರ" ಅನ್ನೋ ಹೆಡಿಂಗ್ ಕೆಳಗೆ ಮಳೆಯ ಅರ್ಥ ಬಂದು ಕೂತಿರುತ್ತೆ, ಅದರ ಕೆಳಗೆ "ಮಳೆ" ಅಂತ ಇನ್ನೊಂದು ಹೆಡಿಂಗ್, ಅದಕ್ಕೂ ಮಳೆಯ ಅರ್ಥನೇ. ಸರ್ವರ್ ಲಾಗ್ ನೋಡಿದೆ, ಎರಡೇ ರಿಕ್ವೆಸ್ಟ್ ಬಂದಿವೆ, ಉತ್ತರನೂ ಸರಿಯಾಗೇ ಕೊಟ್ಟಿದೆ. ಇನ್ನೊಂದು, ಇಲ್ಲದ ಪದಕ್ಕೆ ಸರ್ವರ್ 404 (ಕೇಳಿದ್ದು ಸಿಗ್ಲಿಲ್ಲ ಅನ್ನೋ ಸ್ಟೇಟಸ್ ಸಂಖ್ಯೆ) ಕೊಡುತ್ತೆ, ಆದ್ರೂ ಎರರ್ ಲಿಸನರ್ ಒಂದ್ಸಲನೂ ಓಡಿಲ್ಲ, ಖಾಲಿ ಪಟ್ಟಿ ಬರುತ್ತೆ.

ಹಳೇಬೇರು:
ಎಕ್ಸ್‌ಎಚ್‌ಆರ್ ಆಬ್ಜೆಕ್ಟ್ ಎಲ್ಲಿ ಹುಟ್ಟಿಸ್ತೀರಿ? ಫೈಲ್‌ನ ಮೇಲ್ಗಡೆ ಒಂದೇ ಸಲನೋ, ಪ್ರತಿ ಹುಡುಕಾಟಕ್ಕೂ ಹೊಸದೋ? ಲಿಸನರ್ ಹಾಕೋ ಸಾಲು ಬಟನ್ ಕ್ಲಿಕ್ ಫಂಕ್ಷನ್ ಒಳಗಿದೆಯಾ?

ಮಳೆಹನಿ:
ಆಬ್ಜೆಕ್ಟ್ ಮೇಲ್ಗಡೆ ಒಂದೇ ಸಲ ಸರ್. ಪ್ರತಿ ಸಲ ಹೊಸದು ಮಾಡಿದ್ರೆ ಸುಮ್ನೆ ಮೆಮೊರಿ ದಂಡ ಅಂದ್ಕೊಂಡೆ. ಕ್ಲಿಕ್ ಆದಾಗ ಆಡ್‌ಈವೆಂಟ್‌ಲಿಸನರ್ ಕರೆದು ಲಿಸನರ್ ಹಾಕ್ತೀನಿ, ಆಮೇಲೆ ಓಪನ್ (ರಿಕ್ವೆಸ್ಟ್ ಸಿದ್ಧ ಮಾಡೋದು), ಆಮೇಲೆ ಸೆಂಡ್ (ಕಳಿಸೋದು).

ಹಳೇಬೇರು:
ಹಾಗಾದ್ರೆ ನಿಮ್ಮ ಮೊದಲ ಎರಡು ಕಂಪ್ಲೇಂಟೂ ಒಂದೇ ರೋಗದ್ದು. ನಿಧಾನಕ್ಕೆ ನೋಡೋಣ, ಇದು ಒಂದ್ಸಲ ತಲೆಗೆ ಹೋದ್ರೆ ಮತ್ತೆ ಯಾವತ್ತೂ ಕಾಡಲ್ಲ.

ಓಪನ್ ಅನ್ನ ಮತ್ತೆ ಕರೆದ್ರೆ ರಿಕ್ವೆಸ್ಟ್ ಹೊಸದಾಗುತ್ತೆ, ಆದ್ರೆ ಆ ಆಬ್ಜೆಕ್ಟ್‌ಗೆ ಹಾಕಿದ್ದ ಲಿಸನರ್‌ಗಳು ಎಲ್ಲೂ ಹೋಗಲ್ಲ, ಅಲ್ಲೇ ಇರ್ತವೆ. "ಮರ" ಹುಡುಕಿದಾಗ ಒಂದು ಲಿಸನರ್ ಹಾಕಿದ್ರಿ, ಅದು ತನ್ನ ಜೊತೆ "ಮರ" ಅನ್ನೋ ವೇರಿಯೇಬಲ್ ಹಿಡ್ಕೊಂಡಿದೆ. "ಮಳೆ" ಹುಡುಕಿದಾಗ ಎರಡನೇದು ಹಾಕಿದ್ರಿ. ಈಗ ಮಳೆಯ ಉತ್ತರ ಬಂತು, ಬ್ರೌಸರ್ ಹಾಕಿದ ಕ್ರಮದಲ್ಲೇ ಎರಡನ್ನೂ ಓಡಿಸ್ತು. ಮೊದಲನೇದು ತನ್ನ ಹತ್ರ ಇದ್ದ "ಮರ" ಅನ್ನೋ ಹೆಡಿಂಗ್ ಬರೆದು, ಕೆಳಗೆ ಆಬ್ಜೆಕ್ಟ್‌ನಲ್ಲಿ ಈಗ ಇರೋ ಉತ್ತರ ಅಂದ್ರೆ ಮಳೆಯ ಅರ್ಥ ಹಾಕ್ತು. ಎರಡನೇದು ಸರಿಯಾಗೇ ಮಾಡ್ತು. ನೀವು ಪರದೆ ಮೇಲೆ ನೋಡಿದ್ದು ಅಕ್ಷರಶಃ ಇದೇ.

ಒಂದೇ ಫಂಕ್ಷನ್ ಅನ್ನ ಹೆಸರಿಟ್ಟು ಹೊರಗೆ ಬರೆದು ಅದನ್ನೇ ಹತ್ತು ಸಲ ಸೇರಿಸಿದ್ರೂ ಬ್ರೌಸರ್ ಒಂದೇ ಅಂತ ಲೆಕ್ಕ ಹಿಡಿಯುತ್ತೆ. ಆದ್ರೆ ನೀವು ಕ್ಲಿಕ್ ಒಳಗೇ ಹೆಸರಿಲ್ಲದ ಫಂಕ್ಷನ್ ಬರ್ದಿದೀರಿ, ಅದು ಪ್ರತಿ ಕ್ಲಿಕ್‌ಗೂ ಹೊಸದಾಗಿ ಹುಟ್ಟುತ್ತೆ, ನೋಡೋಕೆ ಒಂದೇ ಥರ ಇದ್ರೂ ಬ್ರೌಸರ್ ಕಣ್ಣಿಗೆ ಬೇರೆ ಬೇರೆ.

ಮೆಮೊರಿ ಚಿಂತೆ ಬಿಡಿ. ಒಂದು ರಿಕ್ವೆಸ್ಟ್, ಒಂದು ಆಬ್ಜೆಕ್ಟ್, ಅದರದೇ ಲಿಸನರ್‌ಗಳು. ಕೆಲಸ ಮುಗಿದ ಮೇಲೆ ಯಾರೂ ಹಿಡ್ಕೊಂಡಿಲ್ಲ ಅಂದ್ರೆ ಗಾರ್ಬೇಜ್ ಕಲೆಕ್ಟರ್ ತಾನೇ ಗುಡಿಸಿ ಹಾಕುತ್ತೆ. ಲಿಸನರ್ ಎಲ್ಲಾ ಸೆಂಡ್‌ಗಿಂತ ಮುಂಚೆನೇ ಹಾಕಿ, ಅದನ್ನ ಈಗಾಗ್ಲೇ ಮಾಡ್ತಿದೀರಿ, ಒಳ್ಳೇದು.

ತೆರೆಮರೆ:
404 ವಿಷ್ಯ ನಾನು ಹೇಳ್ತೀನಿ, ಇದರಲ್ಲಿ ಎಡವದೇ ಇರೋರೇ ಕಮ್ಮಿ. ಲೋಡ್ ಅಂದ್ರೆ "ಗೆದ್ವಿ" ಅಂತ ಅಲ್ಲ, "ಸರ್ವರ್ ಕೊಟ್ಟ ಉತ್ತರ ಪೂರ್ತಿ ಕೈಗೆ ಬಂತು" ಅಂತ ಮಾತ್ರ. 404 ಕೂಡ ಉತ್ತರನೇ, 500 (ಸರ್ವರ್ ಒಳಗಿನ ತೊಂದರೆ) ಕೂಡ ಉತ್ತರನೇ. ಸರ್ವರ್ "ಆ ಪದ ನನ್ನ ಹತ್ರ ಇಲ್ಲ" ಅಂತ ಬಾಯಿಬಿಟ್ಟು ಹೇಳಿದ ಮೇಲೆ ಸಂಪರ್ಕ ಆಯ್ತು ತಾನೇ, ಅದಕ್ಕೇ ಲೋಡ್ ಓಡುತ್ತೆ. ಎರರ್ ಈವೆಂಟ್ ಬರೋದು ಉತ್ತರನೇ ಸಿಗದಾಗ: ನೆಟ್ ಹೋಯ್ತು, ಡಿಎನ್‌ಎಸ್‌ನಲ್ಲಿ ಸರ್ವರ್ ವಿಳಾಸ ಸಿಗ್ಲಿಲ್ಲ, ಕಾರ್ಸ್ (ಬೇರೆ ಸೈಟ್‌ನ ಉತ್ತರ ಓದೋಕೆ ಬ್ರೌಸರ್ ಹಾಕೋ ನಿಯಮ) ತಡೀತು. ಆಗ ಸ್ಟೇಟಸ್ 0 ಇರುತ್ತೆ.

ಹಾಗಾಗಿ ಲೋಡ್ ಲಿಸನರ್‌ನ ಮೊದಲ ಸಾಲಲ್ಲೇ ಸ್ಟೇಟಸ್ 200ರಿಂದ 299ರ ಒಳಗಿದೆಯಾ ನೋಡಿ. ಇಲ್ಲಾಂದ್ರೆ ಬೇರೆ ದಾರಿ. ನಿಮ್ಮ ಆ್ಯಪ್‌ನಲ್ಲಿ 404 ಅಂದ್ರೆ ತಪ್ಪೂ ಅಲ್ಲ, "ಪದ ಸಿಗ್ಲಿಲ್ಲ" ಅಂತ ಓದುಗರಿಗೆ ಹೇಳ್ಬೇಕಾದ ನಿಜವಾದ ಫಲಿತಾಂಶ. "ನೆಟ್ ನೋಡ್ಕೊಳ್ಳಿ" ಅನ್ನೋದು ಬೇರೆ, "ಸರ್ವರ್‌ನಲ್ಲಿ ತೊಂದರೆ" ಅನ್ನೋದು ಬೇರೆ. ಈ ಮೂರನ್ನೂ ಒಂದೇ "ಏನೋ ತಪ್ಪಾಗಿದೆ" ಅನ್ನೋ ಡಬ್ಬಕ್ಕೆ ತುಂಬ್ಬೇಡಿ, ಬಳಸೋರಿಗೆ ಮುಂದೇನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ. ಇದನ್ನ ನಾನು ತುಂಬಾ ಗಟ್ಟಿಯಾಗಿ ನಂಬ್ತೀನಿ.

ಟೈಮ್‌ಔಟ್ ಕೂಡ ಬೇರೆ ಈವೆಂಟ್. ಟೈಮ್‌ಔಟ್ ಪ್ರಾಪರ್ಟಿ ಡಿಫಾಲ್ಟ್ 0, ಅಂದ್ರೆ ನಿಮ್ಮ ಕಡೆಯಿಂದ ಮಿತಿನೇ ಇಲ್ಲ. 10000 ಅಂತ ಇಟ್ರೆ 10 ಸೆಕೆಂಡು, ಮಿಲಿಸೆಕೆಂಡಲ್ಲಿ ಲೆಕ್ಕ. ಅದು ಮೀರಿದ್ರೆ ಎರರ್ ಓಡಲ್ಲ, ಟೈಮ್‌ಔಟ್ ಲಿಸನರೇ ಓಡೋದು. ಸುತ್ತೋ ಲೋಡಿಂಗ್ ಚಕ್ರ ನಿಲ್ಸೋ ಕೆಲಸನ ನಾಲ್ಕು ಕಡೆ ಬರೀಬೇಡಿ, ಲೋಡ್‌ಎಂಡ್ ಅಂತ ಒಂದಿದೆ, ಲೋಡ್ ಆಗ್ಲಿ ಎರರ್ ಆಗ್ಲಿ ಅಬಾರ್ಟ್ (ನೀವೇ ರದ್ದು ಮಾಡೋದು) ಆಗ್ಲಿ ಟೈಮ್‌ಔಟ್ ಆಗ್ಲಿ ಕೊನೇಲಿ ಅದು ಬಂದೇ ಬರುತ್ತೆ.

ಅಂಚುಗೆರೆ:
ತೆರೆಮರೆ ಅವರ ಮಾತಿಗೆ ಒಂದು ಸೇರಿಸ್ತೀನಿ. ಸರ್ವರ್ 500 ಕೊಟ್ಟಾಗ ತುಂಬಾ ಸಲ ಒಳಗಡೆ ಇರೋದು ಜೇಸನ್ (ಡೇಟಾ ಬರೆಯೋ ಪಠ್ಯ ರೂಪ) ಅಲ್ಲ, ಎಚ್‌ಟಿಎಂಎಲ್ ಪುಟ. ಸ್ಟೇಟಸ್ ನೋಡದೆ ನೇರ ಜೇಸನ್ ಪಾರ್ಸ್ ಮಾಡೋಕೆ ಹೋದ್ರೆ ಲಿಸನರ್ ಒಳಗೇ ಎಕ್ಸೆಪ್ಷನ್ (ಕೋಡ್ ಓಡುವಾಗ ಏಳೋ ತಪ್ಪು) ಬೀಳುತ್ತೆ, ಆ ಎಕ್ಸೆಪ್ಷನ್ ನಿಮ್ಮ ಎರರ್ ಲಿಸನರ್‌ಗೆ ಹೋಗಲ್ಲ, ಸೆಂಡ್ ಸುತ್ತ ಹಾಕಿದ, ಅಂಥ ತಪ್ಪು ಹಿಡಿಯೋ ಟ್ರೈ ಕ್ಯಾಚ್‌ಗೂ ಸಿಗಲ್ಲ, ಯಾಕಂದ್ರೆ ಲಿಸನರ್ ಓಡೋ ಹೊತ್ತಿಗೆ ಆ ಟ್ರೈ ಬ್ಲಾಕ್ ಮುಗಿದು ಎಷ್ಟೋ ಹೊತ್ತಾಗಿರುತ್ತೆ. ಕನ್ಸೋಲ್‌ನಲ್ಲಿ ಕೆಂಪು ಸಾಲು, ಪರದೆ ಮೇಲೆ ಏನೂ ಇಲ್ಲ. ಪಾರ್ಸ್ ಸುತ್ತ ಲಿಸನರ್ ಒಳಗೇ ಟ್ರೈ ಕ್ಯಾಚ್ ಹಾಕಿ. ಉತ್ತರ ಯಾವ ರೂಪದಲ್ಲಿ ಬೇಕು ಅಂತ ಹೇಳೋ ರೆಸ್ಪಾನ್ಸ್‌ಟೈಪ್ ಜೇಸನ್ ಅಂತ ಇಟ್ಟಿದ್ರೆ ಕೆಟ್ಟ ಜೇಸನ್‌ಗೆ ಎಕ್ಸೆಪ್ಷನ್ ಬರಲ್ಲ, ರೆಸ್ಪಾನ್ಸ್ ನಲ್ (ಏನೂ ಇಲ್ಲ) ಆಗಿರುತ್ತೆ, ಅದನ್ನ ಪರೀಕ್ಷೆ ಮಾಡ್ಬೇಕು. ಹಾಗೆ ಇಟ್ಟ ಮೇಲೆ ರೆಸ್ಪಾನ್ಸ್‌ಟೆಕ್ಸ್ಟ್ ಮುಟ್ಟಿದ್ರೆ ಮುಟ್ಟಿದ್ದಕ್ಕೇ ಒಂದು ಎಕ್ಸೆಪ್ಷನ್ ಬೀಳುತ್ತೆ, ಎರಡನ್ನ ಬೆರಸ್ಬೇಡಿ.

ಮಳೆಹನಿ:
ಹಳೇಬೇರು ಸರ್, ತೆರೆಮರೆ, ಅಂಚುಗೆರೆ, ಮೂವರಿಗೂ ತುಂಬಾ ಥ್ಯಾಂಕ್ಸ್. ಪ್ರತಿ ಹುಡುಕಾಟಕ್ಕೂ ಹೊಸ ಆಬ್ಜೆಕ್ಟ್ ಮಾಡಿದೆ, ಎರಡೆರಡು ಬರೋದು ನಿಂತೋಯ್ತು. "ಪದ ಸಿಗ್ಲಿಲ್ಲ" ಅಂತ ಈಗ ಬರ್ತಿದೆ. ಆ ಖುಷೀಲಿ ಟೈಪ್ ಮಾಡ್ತಾ ಮಾಡ್ತಾನೇ ಹುಡುಕೋ ಹಾಗೆ ಮಾಡೋಣ ಅಂತ ಬಟನ್ ತೆಗೆದು ಇನ್‌ಪುಟ್ ಈವೆಂಟ್‌ಗೆ ಜೋಡಿಸ್ದೆ, ಉತ್ತರ ಬಂದಾಗ ಹಳೇದನ್ನ ಅಳಿಸಿ ಹೊಸದು ಬರೆಯುತ್ತೆ. ಈಗ ಹೊಸ ತಲೆನೋವು. ಬೇಗ ಟೈಪ್ ಮಾಡಿದ್ರೆ ಪೆಟ್ಟಿಗೇಲಿ "ಮಳೆ" ಇದೆ, ಕೆಳಗೆ ಬರೀ "ಮ"ದಿಂದ ಶುರುವಾಗೋ ನೂರಾರು ಪದ ಇರುತ್ತೆ. ಪ್ರತಿ ಸಲ ಆಗಲ್ಲ, ಕೆಲವು ಸಲ ಮಾತ್ರ. ಮೊದಲು ಹೀಗೆ ಆಗ್ತಾ ಇರ್ಲಿಲ್ಲ!

ಸಾಲುಮರಳು:
ಮೊದಲು ಆಗ್ದೇ ಇದ್ದಿದ್ದಕ್ಕೆ ಕಾರಣ ಇದೆ. ಒಂದೇ ಆಬ್ಜೆಕ್ಟ್ ಇದ್ದಾಗ ಹೊಸ ಓಪನ್ ಕರೆದ ತಕ್ಷಣ ಓಡ್ತಿದ್ದ ಹಳೇ ರಿಕ್ವೆಸ್ಟ್ ಅಲ್ಲೇ ನಿಂತೋಗ್ತಿತ್ತು. ಈಗ ಎಲ್ಲವೂ ಒಟ್ಟೊಟ್ಟಿಗೆ ಓಡ್ತಿವೆ. "ಮ"ಗೆ ಉತ್ತರ ದೊಡ್ಡದು, ಸರ್ವರ್ ಹುಡುಕೋಕೂ ಹೊತ್ತು, ಕಳಿಸೋಕೂ ಹೊತ್ತು. "ಮಳೆ"ಗೆ ಚಿಕ್ಕ ಉತ್ತರ, ಪಟ್ ಅಂತ ಬಂತು, ಪರದೆ ಮೇಲೆ ಬಿತ್ತು. ಆಮೇಲೆ ನಿಧಾನಕ್ಕೆ "ಮ" ಬಂದು ಅದರ ಮೇಲೆ ಬರೀತು. ಕಳಿಸಿದ ಕ್ರಮದಲ್ಲೇ ಉತ್ತರ ಬರುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಎರಡು ದಾರಿ, ನಾನು ಎರಡನ್ನೂ ಹಾಕ್ತೀನಿ. ಹೊರಗಡೆ ಒಂದು ಎಣಿಕೆ ಇಟ್ಕೊಳ್ಳಿ, ಪ್ರತಿ ಹುಡುಕಾಟಕ್ಕೂ ಒಂದು ಕೂಡಿಸಿ ಆ ಸಂಖ್ಯೆನ ಒಂದು ಲೋಕಲ್ ಕಾನ್ಸ್ಟ್‌ನಲ್ಲಿ (ಆ ಫಂಕ್ಷನ್ ಒಳಗಿನ, ಬದಲಾಗದ ವೇರಿಯೇಬಲ್) ಇಟ್ಟು ಲಿಸನರ್‌ಗೆ ಕೊಡಿ. ಉತ್ತರ ಬಂದಾಗ ನನ್ನ ಸಂಖ್ಯೆನೂ ಈಗಿನ ಎಣಿಕೆನೂ ಒಂದೇನಾ ಅಂತ ಕೇಳಿ, ಅಲ್ಲಾಂದ್ರೆ ಸುಮ್ನೆ ರಿಟರ್ನ್. ಇಷ್ಟು ಸಾಕು, ತಪ್ಪು ಪಟ್ಟಿ ಇನ್ಮೇಲೆ ಬರಲ್ಲ. ಎರಡನೇದು, ಹೊಸದು ಕಳಿಸೋ ಮುಂಚೆ ಹಳೇದಕ್ಕೆ ಅಬಾರ್ಟ್ ಹೇಳಿ, ನೆಟ್ವರ್ಕ್ ಉಳಿಯುತ್ತೆ. ಟೈಪಿಂಗ್ ನಿಂತು 300 ಮಿಲಿಸೆಕೆಂಡ್ ಆದ್ಮೇಲೆ ಕಳಿಸೋ ಡಿಬೌನ್ಸ್ ಕೂಡ ಹಾಕಿ, ಆದ್ರೆ ಅದೊಂದನ್ನೇ ನಂಬಿ ಕೂರಬೇಡಿ, ಅದು ಈ ತೊಂದರೆನ ಅಪರೂಪ ಮಾಡುತ್ತೆ ಹೊರತು ಇಲ್ಲದಂಗೆ ಮಾಡಲ್ಲ, ಅಪರೂಪಕ್ಕೆ ಬರೋ ಬಗ್ ಹಿಡಿಯೋದು ಇನ್ನೂ ಕಷ್ಟ.

ಅಬಾರ್ಟ್ ಬಗ್ಗೆ ಒಂದು ಎಚ್ಚರ. ಅದು ನಿಮ್ಮ ಕಡೆ ಕಿವಿ ಮುಚ್ಕೊಂಡ ಹಾಗೆ, ಸರ್ವರ್ ಕೈ ಕಟ್ಟಿದ ಹಾಗಲ್ಲ. ಹುಡುಕಾಟಕ್ಕೆ ಪರವಾಗಿಲ್ಲ. ಪೋಸ್ಟ್ ಮಾಡಿ ಏನನ್ನಾದ್ರೂ ಸೇವ್ ಮಾಡೋ ಕಡೆ, ಅಬಾರ್ಟ್ ಮಾಡಿದೀನಿ ಅಂದ್ರೆ ಸೇವ್ ಆಗಿಲ್ಲ ಅಂತ ನಂಬೋಕಾಗಲ್ಲ.

ಹೊಸಚಿಗುರು:
ಇಷ್ಟೆಲ್ಲಾ ಯಾಕೆ ಗುರು, ಈಗಿನ ಕಾಲದಲ್ಲಿ ಎಕ್ಸ್‌ಎಚ್‌ಆರ್ ಯಾಕೆ ಬೇಕು, ಫೆಚ್ (ರಿಕ್ವೆಸ್ಟ್ ಕಳಿಸೋ ಹೊಸ ಫಂಕ್ಷನ್) ಹಾಕಿ ಅವೇಟ್ (ಉತ್ತರ ಬರೋ ತನಕ ಕಾಯೋದು) ಮಾಡಿ, ಲಿಸನರ್ ಗೊಡವೆನೇ ಇಲ್ಲ.

ಹಳೇಬೇರು:
ಫೆಚ್ ಒಳ್ಳೇದೇ, ಹೊಸ ಕೋಡ್‌ಗೆ ನಾನೂ ಅದನ್ನೇ ಬಳಸ್ತೀನಿ. ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಮೈಕ್ರೋಸಾಫ್ಟ್‌ನವರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ 1999ರಲ್ಲಿ ಬಂದಿದ್ದು, ಹೀಗೆ ಪುಟ ಮತ್ತೆ ತೆರೀದೇ ಡೇಟಾ ತರೋದಕ್ಕೆ ಅಜಾಕ್ಸ್ ಅನ್ನೋ ಹೆಸರು ಬಿದ್ದಿದ್ದು 2005ರಲ್ಲಿ, ಫೆಚ್ ಕ್ರೋಮ್‌ಗೂ ಫೈರ್‌ಫಾಕ್ಸ್‌ಗೂ ಬಂದಿದ್ದು 2015ರಲ್ಲಿ. ಅಷ್ಟು ವರ್ಷ ಬರೆದ ಕೋಡ್ ಇನ್ನೂ ಓಡ್ತಿದೆ, ಅದನ್ನ ನೋಡ್ಕೊಳ್ಳೋರೂ ಬೇಕಲ್ವಾ.

ಆದ್ರೆ ನಿಜವಾದ ಮಾತು ಬೇರೆ. ಲಿಸನರ್ ಎರಡೆರಡು ಸಲ ಓಡೋದು ಫೆಚ್‌ಗೆ ಹೋದ್ರೆ ತಪ್ಪಬಹುದು, ಆದ್ರೆ 404ದೂ ತಡವಾಗಿ ಬರೋ ಉತ್ತರದ್ದೂ ತೊಂದರೆ ಮಾಯ ಆಗಲ್ಲ. 404 ಬಂದ್ರೆ ಫೆಚ್ ಕೊಡೋ ಪ್ರಾಮಿಸ್ (ಮುಂದೆ ಬರೋ ಉತ್ತರಕ್ಕೆ ನಿಲ್ಲೋ ಆಬ್ಜೆಕ್ಟ್) ರಿಜೆಕ್ಟ್ ಅಂದ್ರೆ ವಿಫಲ ಆಗಲ್ಲ, ಓಕೆ ಅನ್ನೋ ಪ್ರಾಪರ್ಟಿ ನೀವೇ ನೋಡ್ಬೇಕು. ಹಳೇ ಉತ್ತರ ತಡವಾಗಿ ಬರೋದು ಹಾಗೇ ಇರುತ್ತೆ, ಅವೇಟ್ ಆದ್ಮೇಲಿನ ಸಾಲಲ್ಲಿ ಅದೇ ಸಂಖ್ಯೆ ಪರೀಕ್ಷೆ ಬೇಕು, ಇಲ್ಲಾ ಫೆಚ್ ರದ್ದು ಮಾಡೋ ಅಬಾರ್ಟ್‌ಕಂಟ್ರೋಲರ್ ಬೇಕು. ಅಬಾರ್ಟ್ ಮಾಡಿದ್ರೆ ಕ್ಯಾಚ್‌ಗೆ ಅಬಾರ್ಟ್‌ಎರರ್ ಬಂದು ಬೀಳುತ್ತೆ, ಅದನ್ನ ಬೇರೆ ಮಾಡ್ದೆ ಹೋದ್ರೆ ಬಳಸೋರು ಟೈಪ್ ಮಾಡಿದಾಗೆಲ್ಲ "ನೆಟ್ ಇಲ್ಲ" ಅಂತ ತೋರ್ಸುತ್ತೆ. ಅವೇಟ್ ಬರೆದಾಗ ಕೋಡ್ ಮೇಲಿಂದ ಕೆಳಗೆ ಸಾಗಿದ ಹಾಗೆ ಕಾಣುತ್ತಲ್ಲ, ಅದರಿಂದ ನಡುವೆ ಹೊತ್ತು ಕಳೆದಿದೆ ಅನ್ನೋದೇ ಮರೆತೋಗುತ್ತೆ. ಲಿಸನರ್ ಬರೆಯುವಾಗ ಆ ಬಿರುಕು ಕಣ್ಣಿಗೆ ಕಾಣ್ತಾ ಇರುತ್ತೆ.

ಇನ್ನೊಂದು, ದೊಡ್ಡ ಫೈಲ್ ಅಪ್‌ಲೋಡ್ ಎಷ್ಟು ಶೇಕಡಾ ಆಯ್ತು ಅಂತ ತೋರ್ಸೋಕೆ ಎಕ್ಸ್‌ಎಚ್‌ಆರ್‌ನ ಅಪ್‌ಲೋಡ್ ಆಬ್ಜೆಕ್ಟ್ ಮೇಲಿನ ಪ್ರೋಗ್ರೆಸ್ ಈವೆಂಟೇ ಸಲೀಸು, ಫೆಚ್‌ನಲ್ಲಿ ಅಂಥ ಈವೆಂಟ್ ಇಲ್ಲ.

ಹೊಸಚಿಗುರು:
ಓಕೆ ಇದು ಒಪ್ತೀನಿ. ಓಕೆ ಪ್ರಾಪರ್ಟಿ ನೋಡೋದು ನಾನೂ ಎಷ್ಟೋ ಕಡೆ ಬಿಟ್ಟಿದೀನಿ, ಇವತ್ತೇ ಹುಡುಕಿ ಸೇರಿಸ್ತೀನಿ.

ಕೈಗನ್ನಡಿ:
ಆ್ಯಂಡ್ರಾಯ್ಡ್ ಕಡೆಯಿಂದ ಒಂದು ಅನುಭವ, ಯಾಕಂದ್ರೆ ಲೋಡ್ ಅಂದ್ರೆ ಗೆಲುವಲ್ಲ ಅನ್ನೋ ಮಾತು ಅಲ್ಲಿ ಲೈಬ್ರರಿಗೊಂದು ಥರ ಇದೆ. ವಾಲಿ ಅನ್ನೋ ನೆಟ್ವರ್ಕ್ ಲೈಬ್ರರಿಯಲ್ಲಿ 404 ಅಥ್ವಾ 500 ಬಂದ್ರೆ ಎರರ್‌ಲಿಸನರ್ ಓಡುತ್ತೆ. ಓಕೆಎಚ್‌ಟಿಟಿಪಿ ಅನ್ನೋ ಇನ್ನೊಂದು ಲೈಬ್ರರಿಯಲ್ಲಿ ಅದೇ 404 ಆನ್‌ರೆಸ್ಪಾನ್ಸ್‌ಗೆ ಬರುತ್ತೆ, ಆನ್‌ಫೇಲ್ಯೂರ್ ಬರೋದು ನೆಟ್ವರ್ಕೇ ಕೈಕೊಟ್ಟಾಗ. ನಮ್ಮಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಲಿಸನರ್ ಒಳಗಿನ ಕೋಡ್ ಹಾಗೇ ಎತ್ತಿ ಇಟ್ವಿ, ಲಾಗಿನ್ ಅವಧಿ ಮುಗಿದು 401 ಬಂದಾಗ ಆ್ಯಪ್ ಅದನ್ನ ಸರಿಯಾದ ಉತ್ತರ ಅಂತ ತಗೊಂಡು ಖಾಲಿ ಪ್ರೊಫೈಲ್ ತೋರಿಸ್ತಿತ್ತು. ಹಿಡಿಯೋಕೆ ಒಂದು ವಾರ ಬೇಕಾಯ್ತು. ಜೊತೆಗೆ ವಾಲಿ ತನ್ನ ಲಿಸನರ್‌ನ ಮೇನ್ ಥ್ರೆಡ್‌ನಲ್ಲೇ (ಪರದೆ ನೋಡ್ಕೊಳ್ಳೋ ಥ್ರೆಡ್) ಕರೆಯುತ್ತೆ, ಓಕೆಎಚ್‌ಟಿಟಿಪಿಯ ಎನ್‌ಕ್ಯೂ (ರಿಕ್ವೆಸ್ಟ್ ಸಾಲಿಗೆ ಹಾಕೋ ಫಂಕ್ಷನ್) ಹಿನ್ನೆಲೆ ಥ್ರೆಡ್‌ನಲ್ಲಿ ಕರೆಯುತ್ತೆ, ಅಲ್ಲಿಂದ ನೇರ ಪರದೆ ಮುಟ್ಟೋ ಹಾಗಿಲ್ಲ.

ವಾಲಿ ಬಳಸೋರು ಇದನ್ನ ಬರೆದಿಟ್ಕೊಳ್ಳಿ: ಡಿಫಾಲ್ಟ್ ಟೈಮ್‌ಔಟ್ 2500 ಮಿಲಿಸೆಕೆಂಡ್, ಆಮೇಲೆ ತಾನೇ ಒಂದು ಸಲ ಮತ್ತೆ ಕಳಿಸುತ್ತೆ. ಸರ್ವರ್ 3 ಸೆಕೆಂಡ್ ತಗೊಂಡ್ರೆ ಅದೇ ಪೋಸ್ಟ್ ಎರಡು ಸಲ ಹೋಗುತ್ತೆ, ನಿಮ್ಮ ಲಿಸನರ್ ಓಡೋದು ಮಾತ್ರ ಒಂದೇ ಸಲ. ಪರದೆ ಮೇಲೆ ಎಲ್ಲಾ ಚೆನ್ನಾಗಿರುತ್ತೆ, ಡೇಟಾಬೇಸ್‌ನಲ್ಲಿ ಎರಡು ಸಾಲು. ಮಳೆಹನಿ ಅವರ ಕಥೆಯ ಪೂರಾ ಉಲ್ಟಾ.

ಮಳೆಹನಿ:
ಸರ್ವರ್ ಕಡೆ ನಾನು ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋ ನೋಡ್.ಜೆಎಸ್) ಬಳಸ್ತಿದೀನಿ, ಅದು ಇನ್ನೊಂದು ಕಡೆಯಿಂದ ಪದಗಳನ್ನ ತರಿಸುತ್ತೆ. ಅಲ್ಲೂ ಆನ್ ಡೇಟಾ, ಆನ್ ಎಂಡ್ ಅಂತ ಲಿಸನರ್‌ಗಳೇ. ಅಲ್ಲಿ ಏನಾದ್ರೂ ನೋಡ್ಕೋಬೇಕಾ? ದೊಡ್ಡ ಉತ್ತರದಲ್ಲಿ ಮಧ್ಯೆ ಮಧ್ಯೆ ಕಪ್ಪು ಚೌಕದಲ್ಲಿ ಪ್ರಶ್ನೆ ಗುರುತು ಬರುತ್ತೆ, ಫಾಂಟ್ ತೊಂದರೆ ಅಂದ್ಕೊಂಡು ಬಿಟ್ಟಿದ್ದೆ.

ಅಂಚುಗೆರೆ:
ಫಾಂಟ್ ಅಲ್ಲ! ಅಕ್ಷರಗಳನ್ನ ಬೈಟ್ ಮಾಡಿ ಇಡೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಅಕ್ಷರಕ್ಕೋ ಗುರುತಿಗೋ ಇರೋ ಸಂಖ್ಯೆ) 3 ಬೈಟ್. "ಕನ್ನಡ" ಅನ್ನೋ ಪದ ನೋಡಿ, ಕ, ನ, ಹಲಂತದ ಗುರುತು, ನ, ಡ, ಒಟ್ಟು 5, ಅಂದ್ರೆ 15 ಬೈಟ್. ಡೇಟಾ ಈವೆಂಟ್ ತುಂಡು ತುಂಡಾಗಿ ಬರುತ್ತೆ, ತುಂಡಾಗೋದು ಬೈಟ್ ಲೆಕ್ಕದಲ್ಲಿ, ಅಕ್ಷರದ ಹಂಗು ಅದಕ್ಕಿಲ್ಲ. ಒಂದು "ಡ"ದ 2 ಬೈಟ್ ಈ ತುಂಡಲ್ಲಿ, 1 ಬೈಟ್ ಮುಂದಿನದರಲ್ಲಿ ಬಂತು ಅನ್ಕೊಳ್ಳಿ. ನೀವು ಪ್ರತಿ ತುಂಡನ್ನೂ ಆಗಿಂದಾಗ್ಲೇ ಸ್ಟ್ರಿಂಗ್‌ಗೆ ಕೂಡಿಸ್ತಿದೀರಿ, ಕೂಡಿಸಿದಾಗಲೇ ಅದು ಸ್ಟ್ರಿಂಗ್ ಆಗುತ್ತೆ, ಎರಡೂ ಕಡೆ ಮುರಿದ ಅಕ್ಷರ, ಎರಡೂ ಕಡೆ ಆ ಕಪ್ಪು ಗುರುತು. ಬರೀ ಇಂಗ್ಲಿಷ್ ಪದಗಳಿದ್ರೆ ಒಂದಕ್ಷರಕ್ಕೆ ಒಂದೇ ಬೈಟ್, ಹಾಗಾಗಿ ಅಲ್ಲಿ ಈ ತಪ್ಪು ಯಾವತ್ತೂ ಬೆಳಕಿಗೆ ಬರಲ್ಲ, ನಮ್ಮ ಭಾಷೇಲಿ ಟೆಸ್ಟ್ ಮಾಡಿದ್ರೇ ಗೊತ್ತಾಗೋದು.

ಪರಿಹಾರ ಸುಲಭ. ಲಿಸನರ್ ಹಾಕೋ ಮುಂಚೆ ರೆಸ್ಪಾನ್ಸ್ ಮೇಲೆ ಸೆಟ್‌ಎನ್‌ಕೋಡಿಂಗ್ ಯುಟಿಎಫ್8 ಅಂತ ಕರೀರಿ, ಮುರಿದ ಬೈಟ್‌ಗಳನ್ನ ಅದೇ ಮುಂದಿನ ತುಂಡಿನವರೆಗೆ ಹಿಡಿದಿಡುತ್ತೆ. ಇಲ್ಲಾ ಎಲ್ಲಾ ತುಂಡುಗಳನ್ನ ಅರೇಲಿ ಇಟ್ಟು ಎಂಡ್ ಈವೆಂಟ್‌ನಲ್ಲಿ ಬಫರ್ ಕಾನ್‌ಕ್ಯಾಟ್ (ಬೈಟ್ ತುಂಡುಗಳನ್ನ ಜೋಡಿಸೋದು) ಮಾಡಿ ಒಂದೇ ಸಲ ಸ್ಟ್ರಿಂಗ್ ಮಾಡಿ.

ಇನ್ನೊಂದು ಮರೀಬೇಡಿ, ನೋಡ್‌ನಲ್ಲಿ ರಿಕ್ವೆಸ್ಟ್ ಆಬ್ಜೆಕ್ಟ್ ಮೇಲೆ ಎರರ್ ಲಿಸನರ್ ಹಾಕ್ದೇ ಬಿಟ್ರೆ, ಎರರ್ ಬಂದಾಗ ಅದನ್ನ ಹಿಡಿಯೋರು ಯಾರೂ ಇಲ್ಲದೆ ಇಡೀ ಪ್ರೋಸೆಸ್ಸೇ ಬಿದ್ದೋಗುತ್ತೆ. ಬ್ರೌಸರ್‌ನಲ್ಲಿ ಲಿಸನರ್ ಮರೆತ್ರೆ ಒಂದು ಪುಟ ಸುಮ್ನಿರುತ್ತೆ, ಇಲ್ಲಿ ಮರೆತ್ರೆ ಎಲ್ರಿಗೂ ಸೇವೆ ನಿಲ್ಲುತ್ತೆ.

ಮಳೆಹನಿ:
ಅಂಚುಗೆರೆ ಅವ್ರೇ, ಸೆಟ್‌ಎನ್‌ಕೋಡಿಂಗ್ ಒಂದು ಸಾಲು ಹಾಕಿದ ತಕ್ಷಣ ಕಪ್ಪು ಗುರುತೆಲ್ಲಾ ಹೋಯ್ತು! ಎರರ್ ಲಿಸನರೂ ಹಾಕಿದೆ.

ಸಾಲುಮರಳು ಹೇಳಿದ ಸಂಖ್ಯೆ, ಅಬಾರ್ಟ್ ಎರಡನ್ನೂ ಹಾಕಿ ಟೆಸ್ಟ್ ಮಾಡೋಕೆ ಸರ್ವರ್‌ನಲ್ಲಿ ಒಂದೇ ಅಕ್ಷರದ ಹುಡುಕಾಟಕ್ಕೆ ಬೇಕಂತಲೇ 3 ಸೆಕೆಂಡ್ ತಡ ಮಾಡ್ಸಿದೆ. ಪಟ್ಟಿ ಸರಿಯಾಗಿದೆ, ಆದ್ರೆ ಲೋಡಿಂಗ್ ಚಕ್ರ ಎರಡನೇ ಅಕ್ಷರ ಒತ್ತಿದ ತಕ್ಷಣ ಮಾಯ ಆಗ್ತಿದೆ, ಉತ್ತರ ಬರೋ ತನಕ ಖಾಲಿ. ಚಕ್ರ ತೋರ್ಸೋ ಸಾಲು ಇದ್ದೇ ಇದೆ. ಲೋಡ್‌ಎಂಡ್‌ನಲ್ಲಿ ಮುಚ್ತೀನಿ.

ತೆರೆಮರೆ:
ಚಕ್ರ ತೋರ್ಸೋ ಸಾಲು ಅಬಾರ್ಟ್ ಸಾಲಿಗಿಂತ ಮೇಲಿದೆಯಾ? ಹಾಗಿದ್ರೆ ಅದೇ. ಓಡ್ತಿರೋ ರಿಕ್ವೆಸ್ಟ್‌ಗೆ ಅಬಾರ್ಟ್ ಕರೆದ್ರೆ ಹಳೇದರ ಅಬಾರ್ಟ್ ಈವೆಂಟೂ ಲೋಡ್‌ಎಂಡ್ ಈವೆಂಟೂ ಆಮೇಲೆ ಯಾವಾಗ್ಲೋ ಅಲ್ಲ, ಆ ಸಾಲು ಮುಗಿಯೋದರೊಳಗೇ ಓಡಿಬಿಡ್ತವೆ. ನೀವು ಹೊಸದಕ್ಕೆ ಚಕ್ರ ತೋರ್ಸಿದ್ರಿ, ಮುಂದಿನ ಸಾಲಲ್ಲಿ ಹಳೇದರ ಲೋಡ್‌ಎಂಡ್ ಬಂದು ಮುಚ್ಚಿ ಹೋಯ್ತು. ಸಾಲು ಅದಲು ಬದಲು ಮಾಡಿದ್ರೆ ಸರಿಹೋಗುತ್ತೆ, ಆದ್ರೆ ನಾಳೆ ಯಾರಾದ್ರೂ ಮತ್ತೆ ಮೇಲೆ ಕೆಳಗೆ ಮಾಡಿದ್ರೆ ಮತ್ತೆ ಅದೇ. ಸಂಖ್ಯೆ ಹೆಚ್ಚಿಸೋದನ್ನ ಅಬಾರ್ಟ್‌ಗಿಂತ ಮುಂಚೆ ಇಟ್ಟು, ಲೋಡ್‌ಎಂಡ್ ಒಳಗೂ ಅದೇ ಸಂಖ್ಯೆ ಪರೀಕ್ಷೆ ಹಾಕಿ, ಆಗ ಹಳೇ ರಿಕ್ವೆಸ್ಟ್ ಹೊಸದರ ಚಕ್ರ ಮುಟ್ಟೋಕೇ ಆಗಲ್ಲ.

ರೆಡಿಸ್ಟೇಟ್ 4 (ರಿಕ್ವೆಸ್ಟ್ ಮುಗಿದ ಸ್ಥಿತಿ) ಅಂತ ನೋಡೋ ಹಳೇ ಕೋಡ್ ಎಲ್ಲಾದ್ರೂ ಉಳಿದಿದ್ರೆ ಅದನ್ನೂ ನೋಡಿ, ಅಬಾರ್ಟ್ ಆದಾಗಲೂ ರೆಡಿಸ್ಟೇಟ್‌ಚೇಂಜ್ 4ಕ್ಕೆ ಬಂದು ಓಡುತ್ತೆ, ಸ್ಟೇಟಸ್ 0 ಇರುತ್ತೆ.

ಮಳೆಹನಿ:
ಹೌದು, ಚಕ್ರದ ಸಾಲು ಮೇಲಿತ್ತು. ಸಂಖ್ಯೆನ ಎಲ್ಲಕ್ಕಿಂತ ಮೊದಲ ಸಾಲಿಗೆ ತಂದೆ, ಲೋಡ್‌ಎಂಡ್‌ನಲ್ಲೂ ಪರೀಕ್ಷೆ ಹಾಕಿದೆ. ಆ 3 ಸೆಕೆಂಡ್ ತಡ ಹಾಗೇ ಇಟ್ಟು "ಮ", "ಮಳ", "ಮಳೆ" ಅಂತ ಬೇಗ ಬೇಗ ಇಪ್ಪತ್ತು ಸಲ ಹೊಡೆದು ನೋಡಿದೆ, ಇಪ್ಪತ್ತೂ ಸಲ ಮಳೆಯ ಅರ್ಥನೇ ಬಂತು, ಚಕ್ರನೂ ಅದು ಬರೋ ತನಕ ಸುತ್ತಿತು. ಡಿಬೌನ್ಸ್ ಇನ್ನೂ ಹಾಕಿಲ್ಲ, ಅದನ್ನ ನಾಳೆ ಸೇರಿಸಿ, ಲಿಸನರ್ ಕೋಡ್ ಒಂದೇ ಫೈಲ್‌ಗೆ ತಂದು ಇಲ್ಲೇ ಹಾಕ್ತೀನಿ, ನೋಡಿ ತಪ್ಪಿದ್ರೆ ಹೇಳಿ.